ಆರು ವಿದ್ಯಾರ್ಥಿಗಳ ಕಾಲೇಜು

ವಿದ್ಯಾಸಂಸ್ಥೆಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕಟ್ಟಡಗಳಿಂದ ಆರಂಭಿಸುತ್ತಾರೆ. ಅಡಿಗಲ್ಲು ಯಾವ ವರ್ಷ ಬಿತ್ತು, ಯಾರ ಅಮೃತಹಸ್ತದಿಂದ ಉದ್ಘಾಟನೆ ನೆರವೇರಿತು, ಎಷ್ಟು ಕೊಠಡಿಗಳು ಎದ್ದು ನಿಂತವು ಎಂಬ ವಿವರಗಳಿಂದ ಆ ಬರಹಗಳು ತುಂಬಿರುತ್ತವೆ. ಅವೆಲ್ಲ ಬೇಕಾದ ವಿವರಗಳೇ. ಆದರೆ ಅವುಗಳ ಜೊತೆಗೆ ಕೇಳಲೇಬೇಕಾದ ಪ್ರಶ್ನೆಗಳು ಎರಡುಂಟು. ಆ ಕಟ್ಟಡದ ಬಾಗಿಲು ಯಾರಿಗಾಗಿ ತೆರೆಯಿತು? ಒಳಹೊಕ್ಕವರು ಅಲ್ಲಿಂದ ಮುಂದೆ ಎಲ್ಲಿಗೆ ಹೋದರು? ಈ ಎರಡು ಪ್ರಶ್ನೆಗಳನ್ನು ಕೈದೀಪದಂತೆ ಹಿಡಿದು ನೋಡಿದಾಗ ಅಮೆರಿಕಾ ದೇಶದ ಒಂದು ಸಾಮಾನ್ಯ ಊರಿನ ಕಾಲೇಜು ಹೇಳುವ ಕಥೆ ಸ್ವಾರಸ್ಯಕರವೂ ಬೋಧಪ್ರದವೂ ಆಗಿದೆ.

ಆ ಊರಿನ ಹೆಸರು ಜೋಲಿಯೆಟ್. ಅಮೆರಿಕಾ ಸಂಯುಕ್ತ ಸಂಸ್ಥಾನದ ಇಲಿನಾಯ್ ರಾಜ್ಯದಲ್ಲಿ, ಷಿಕಾಗೋ ಮಹಾನಗರದ ನೈಋತ್ಯಕ್ಕೆ ಸುಮಾರು 40 ಮೈಲಿ ದೂರದಲ್ಲಿ, ಡೆಸ್ ಪ್ಲೇನ್ಸ್ ನದಿಯ ದಂಡೆಯ ಮೇಲೆ ಅದು ನೆಲೆಸಿದೆ. ನೆಲವನ್ನು ಅಗೆದರೆ ಹಳದಿ ಛಾಯೆಯ ಸುಣ್ಣಕಲ್ಲು ದೊರೆಯುವ ಪ್ರದೇಶ ಅದು. 1848ರಲ್ಲಿ ಕಾಲುವೆ ಬಂದಿತು. ಅನಂತರ ರೈಲು ಬಂದಿತು. ಕಲ್ಲುಗಣಿಗಳ ಹಿಂದೆಯೇ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳು ಬೆಳೆದವು. ಕಲ್ಲು ಮತ್ತು ಉಕ್ಕಿನ ನಗರವೆಂದೇ ಅದು ಹೆಸರಾಯಿತು. ಐರ್ಲೆಂಡ್, ಜರ್ಮನಿ, ಇಟಲಿ, ಪೋಲೆಂಡ್, ಸ್ಲೊವೇನಿಯಾಗಳಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದ ಶ್ರಮಿಕರು ಅಲ್ಲಿ ಮನೆಮಾಡಿದರು. 1900ರ ಜನಗಣತಿಯ ವೇಳೆಗೆ ಊರಿನ ಜನಸಂಖ್ಯೆ ಸುಮಾರು 29,000. ಕುಲುಮೆಯ ಮುಂದೆ ಬೆವರು ಸುರಿಸುವ ತಂದೆಯ ಮಗ ಪ್ರೌಢಶಾಲೆಯನ್ನು ಮುಗಿಸಿದರೆ ಅದೇ ಒಂದು ದೊಡ್ಡ ಸಾಧನೆ. ಅದರಾಚೆಗಿನ ವಿದ್ಯೆಯೆಂದರೆ ಬೇರೆ ಊರು, ವಸತಿಯ ಖರ್ಚು, ಬೋಧನಾ ಶುಲ್ಕ. ದುಡಿಯುವ ಮನೆತನಕ್ಕೆ ಈ ಮೂರನ್ನೂ ಭರಿಸುವುದು ಸುಲಭವಾಗಿರಲಿಲ್ಲ.

ಇತ್ತ ಜೋಲಿಯೆಟ್ ಹೀಗಿದ್ದಾಗ, ಅತ್ತ ಷಿಕಾಗೋದಲ್ಲಿ ಬೇರೊಂದು ಬಗೆಯ ಆಲೋಚನೆ ನಡೆದಿತ್ತು. ಸ್ವಾಮಿ ವಿವೇಕಾನಂದರು 1893ರಲ್ಲಿ ಸರ್ವಧರ್ಮ ಸಮ್ಮೇಳನವನ್ನು ಉದ್ದೇಶಿಸಿ ಮಾತನಾಡಿದ ಆ ನಗರದಲ್ಲಿ, ಅದಕ್ಕೆ ಒಂದು ವರ್ಷ ಮೊದಲು, ಷಿಕಾಗೋ ವಿಶ್ವವಿದ್ಯಾನಿಲಯವು ತನ್ನ ತರಗತಿಗಳನ್ನು ಆರಂಭಿಸಿತ್ತು. ಅದರ ಪ್ರಥಮ ಅಧ್ಯಕ್ಷರಾದ ವಿಲಿಯಂ ರೇನಿ ಹಾರ್ಪರ್ ಅವರು ಅಸಾಧಾರಣ ಮೇಧಾವಿಗಳು. ಹೀಬ್ರೂ ಭಾಷೆಯ ವಿದ್ವಾಂಸರು. ತಮ್ಮ ಹದಿನೆಂಟನೆಯ ವಯಸ್ಸಿನಲ್ಲಿಯೇ ಯೇಲ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದವರು. ಕಾಲೇಜಿನ ನಾಲ್ಕು ವರ್ಷಗಳ ಪೈಕಿ ಮೊದಲಿನ ಎರಡು ವರ್ಷಗಳ ಪಾಠವು ಪ್ರೌಢಶಾಲೆಯ ಮುಂದುವರಿಕೆಯಂತಿದ್ದು, ಸಂಶೋಧನೆಗೆ ಮೀಸಲಾಗಬೇಕಾದ ವಿಶ್ವವಿದ್ಯಾನಿಲಯಕ್ಕೆ ಅದು ಭಾರವೆಂಬುದು ಅವರ ಅಭಿಪ್ರಾಯವಾಗಿತ್ತು. ಆದ್ದರಿಂದ ಅವರು ತಮ್ಮ ವಿಶ್ವವಿದ್ಯಾನಿಲಯದ ನಾಲ್ಕು ವರ್ಷಗಳನ್ನು ಎರಡಾಗಿ ವಿಂಗಡಿಸಿದರು. 1896ರಲ್ಲಿ ಮೊದಲ ಭಾಗಕ್ಕೆ ಜೂನಿಯರ್ ಕಾಲೇಜು ಎಂದೂ ಎರಡನೆಯ ಭಾಗಕ್ಕೆ ಸೀನಿಯರ್ ಕಾಲೇಜು ಎಂದೂ ಹೆಸರಾಯಿತು. ಮೊದಲ ಎರಡು ವರ್ಷಗಳನ್ನು ಮುಗಿಸಿ ಅಲ್ಲಿಗೇ ನಿಲ್ಲಬಯಸುವವರು ಗೌರವದಿಂದ ನಿಲ್ಲುವಂತಾಗಲೆಂದು ಅಸೋಸಿಯೇಟ್ ಎಂಬ ಪದವಿಯನ್ನೂ ಅವರು ಏರ್ಪಡಿಸಿದರು.

ಈ ಯೋಜನೆಯ ಹಿಂದಿದ್ದ ಉದ್ದೇಶವನ್ನು ಮರೆಮಾಚದೆ ಹೇಳಬೇಕು. ಬಡವರ ಮಕ್ಕಳಿಗೆ ಉಚ್ಚ ಶಿಕ್ಷಣ ದೊರೆಯಲಿ ಎಂಬ ಒಂದೇ ಕಾರಣದಿಂದ ಹಾರ್ಪರ್ ಅವರು ಇದನ್ನು ರೂಪಿಸಲಿಲ್ಲ. ವಿಶ್ವವಿದ್ಯಾನಿಲಯದ ಹೊರೆ ಇಳಿಯಬೇಕು, ಅದು ಶ್ರೇಷ್ಠ ಸಂಶೋಧನೆಯ ಕ್ಷೇತ್ರವಾಗಬೇಕು, ಹಣವಿಲ್ಲದೆ ಸೊರಗಿದ್ದ ಸಣ್ಣಪುಟ್ಟ ಕಾಲೇಜುಗಳು ತಮ್ಮ ಶಕ್ತಿಗೆ ತಕ್ಕಂತೆ ಎರಡೇ ವರ್ಷಗಳ ಪಾಠವನ್ನು ಚೆನ್ನಾಗಿ ಹೇಳಬೇಕು ಎಂಬುದು ಅವರ ಲೆಕ್ಕಾಚಾರ. ಮೇಲಿನಿಂದ ಕೆಳಗೆ ನೋಡಿದ ವ್ಯವಸ್ಥಾಪಕರ ದೃಷ್ಟಿ ಅದು. ಆ ದೃಷ್ಟಿಗೆ ಕೆಳಗಿನಿಂದ ಮೇಲೆ ನೋಡುವ ಇನ್ನೊಂದು ದೃಷ್ಟಿ ಬಂದು ಕೂಡಿಕೊಂಡದ್ದು ಜೋಲಿಯೆಟ್‌ನಲ್ಲಿ.

ಜೋಲಿಯೆಟ್ ಟೌನ್‌ಷಿಪ್ ಪ್ರೌಢಶಾಲೆಯ ಮುಖ್ಯಸ್ಥರಾಗಿದ್ದ ಜೆ. ಸ್ಟ್ಯಾನ್ಲಿ ಬ್ರೌನ್ ಅವರು ಹಾರ್ಪರ್ ಅವರ ಮಿತ್ರರು. ತಮ್ಮ ಶಾಲೆಯಲ್ಲಿ ಓದು ಮುಗಿಸಿದ ಬುದ್ಧಿವಂತ ಹುಡುಗರು, ಹುಡುಗಿಯರು ಹಣದ ಅಡಚಣೆಯಿಂದಲೋ ಮನೆಯ ಕಷ್ಟದಿಂದಲೋ ಅಲ್ಲಿಗೇ ನಿಲ್ಲುವುದನ್ನು ಕಣ್ಣಾರೆ ಕಂಡವರು. ಪ್ರೌಢಶಾಲೆಯ ಮೇಲೆಯೇ ಇನ್ನೆರಡು ವರ್ಷದ ಪಾಠವನ್ನು ಏರಿಸಿದರೆ ವಿದ್ಯಾರ್ಥಿಯು ತನ್ನ ಮನೆಯಲ್ಲಿಯೇ ಉಂಡು, ತನ್ನ ಊರಿನಲ್ಲಿಯೇ ಓದಿ, ಆಮೇಲೆ ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ನೇರವಾಗಿ ಸೇರಬಹುದಲ್ಲವೇ ಎಂಬುದು ಅವರ ಆಲೋಚನೆ. ಅದೇ 1901ರಲ್ಲಿ ಊರಿನ ಸುಣ್ಣಕಲ್ಲಿನಿಂದಲೇ ಕಟ್ಟಿದ ವಿಶಾಲವಾದ ಹೊಸ ಶಾಲೆಯ ಕಟ್ಟಡ ಸಿದ್ಧವಾಗಿತ್ತು. ಅಲ್ಲಿ ಮೇಲ್ಮಟ್ಟದ ತರಗತಿ ಆರಂಭವಾದಾಗ ಸೇರಿದ ವಿದ್ಯಾರ್ಥಿಗಳ ಸಂಖ್ಯೆ ಕೇವಲ ಆರು.

ಆರು ಮಂದಿಗಾಗಿ ಕಾಲೇಜು ನಡೆಸುವುದು ಯಾವ ಲೆಕ್ಕಪತ್ರಕ್ಕೂ ಒಪ್ಪುವ ಮಾತಲ್ಲ. ಆದರೂ 1902ರ ಡಿಸೆಂಬರಿನಲ್ಲಿ ಶಾಲೆಯ ಆಡಳಿತ ಮಂಡಳಿಯು ಈ ಪಾಠಕ್ರಮಕ್ಕೆ ವಿಧಿವತ್ತಾಗಿ ಒಪ್ಪಿಗೆ ಕೊಟ್ಟಿತು. ಅದಕ್ಕಾಗಿ ವಿದ್ಯಾರ್ಥಿಗಳಿಂದ ಶುಲ್ಕ ತೆಗೆದುಕೊಳ್ಳಬಾರದೆಂದೂ ನಿರ್ಣಯಿಸಿತು. ಈ ನಿರ್ಣಯದ ಮಹತ್ವ ಬಹಳ ದೊಡ್ಡದು. ಹಾರ್ಪರ್ ಅವರ ಯೋಜನೆ ಕಾಗದದ ಮೇಲೆ ವಿಶ್ವವಿದ್ಯಾನಿಲಯದ ಅನುಕೂಲಕ್ಕಾಗಿ ಹುಟ್ಟಿದ್ದರೂ, ಊರಿನವರು ತಮ್ಮ ತೆರಿಗೆಯ ಹಣದಿಂದ ಅದನ್ನು ನಡೆಸಲು ಒಪ್ಪಿದ ದಿನದಿಂದ ಅದು ಊರಿನ ಸ್ವತ್ತಾಯಿತು. ಅಮೆರಿಕಾದಲ್ಲಿ ಅದುವರೆಗೆ ಖಾಸಗಿಯವರು ನಡೆಸುತ್ತಿದ್ದ ಎರಡು ವರ್ಷದ ಕಾಲೇಜುಗಳು ಕೆಲವಿದ್ದವು. ಸಾರ್ವಜನಿಕ ಹಣದಿಂದ ನಡೆದು ಇಂದಿಗೂ ಉಳಿದುಕೊಂಡಿರುವವುಗಳಲ್ಲಿ ಮೊದಲನೆಯದೆಂಬ ಕೀರ್ತಿ ಜೋಲಿಯೆಟ್‌ಗೆ ಸಲ್ಲುತ್ತದೆ. 1906ರ ಜನವರಿಯಲ್ಲಿ ಹಾರ್ಪರ್ ಅವರು ತಮ್ಮ 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬ್ರೌನ್ ಅವರು ಮುಂದೆ 1919ರಲ್ಲಿ ಡಿಕಾಲ್ಬ್ ಎಂಬ ಊರಿನ ಶಿಕ್ಷಕರ ತರಬೇತಿ ಕಾಲೇಜಿನ ಅಧ್ಯಕ್ಷರಾಗಿ ತೆರಳಿದರು. ಅವರು ಹೊರಡುವ ಮೊದಲೇ ಜೋಲಿಯೆಟ್ ಜೂನಿಯರ್ ಕಾಲೇಜು ಎಂಬ ಹೆಸರು ನೆಲೆಗೊಂಡು, 1917ರಲ್ಲಿ ಆ ಭಾಗದ ಶಿಕ್ಷಣ ಸಂಸ್ಥೆಗಳ ಗುಣಮಟ್ಟವನ್ನು ಪರೀಕ್ಷಿಸುವ ನಾರ್ತ್ ಸೆಂಟ್ರಲ್ ಅಸೋಸಿಯೇಷನ್ನಿನ ಮಾನ್ಯತೆಯೂ ದೊರೆತಿತ್ತು.

ಕನ್ನಡದ ಓದುಗರಿಗೆ ಇಲ್ಲಿ ಒಂದು ಸ್ಪಷ್ಟೀಕರಣ ಅಗತ್ಯ. ಕರ್ನಾಟಕದಲ್ಲಿ ಜೂನಿಯರ್ ಕಾಲೇಜು ಎಂದೊಡನೆ ಹತ್ತನೆಯ ತರಗತಿಯ ನಂತರದ ಪದವಿಪೂರ್ವ ಕಾಲೇಜು ನೆನಪಿಗೆ ಬರುತ್ತದೆ. ಅಮೆರಿಕಾದ ಜೂನಿಯರ್ ಕಾಲೇಜು ಹನ್ನೆರಡನೆಯ ತರಗತಿಯ ಮೇಲಿನದು. ಅಂದರೆ ಪದವಿ ಶಿಕ್ಷಣದ ಪೂರ್ವಾರ್ಧ. ಹೆಸರು ಒಂದೇ ಆದರೂ ಮೆಟ್ಟಿಲು ಬೇರೆ.

ಜೋಲಿಯೆಟ್ ಹಚ್ಚಿದ ಹಣತೆಯಿಂದ ಬೇರೆ ಹಣತೆಗಳು ಹೊತ್ತಿಕೊಳ್ಳಲು ಹೆಚ್ಚು ಕಾಲ ಹಿಡಿಯಲಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯವು 1907ರಲ್ಲಿ ಪ್ರೌಢಶಾಲೆಗಳು ಇಂತಹ ಮೇಲ್ತರಗತಿಗಳನ್ನು ನಡೆಸಬಹುದೆಂದು ಕಾನೂನು ಮಾಡಿತು. 1910ರಲ್ಲಿ ದ್ರಾಕ್ಷಿತೋಟಗಳ ಊರಾದ ಫ್ರೆಸ್ನೊದಲ್ಲಿ ಆ ರಾಜ್ಯದ ಮೊದಲ ಕಾಲೇಜು ತೆರೆಯಿತು. 1920ರಲ್ಲಿ ಇವುಗಳದೇ ಒಂದು ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧದ ಅಂತ್ಯದ ವೇಳೆಗೆ, 1944ರಲ್ಲಿ, ಯುದ್ಧದಿಂದ ಹಿಂತಿರುಗುವ ಸೈನಿಕರ ಓದಿನ ವೆಚ್ಚವನ್ನು ಸರ್ಕಾರವೇ ಭರಿಸುವ ಶಾಸನ ಬಂದಿತು. ಅದರ ನೆರವಿನಿಂದ ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಮಾಜಿ ಸೈನಿಕರು ಕಾಲೇಜುಗಳನ್ನು ಸೇರಿದರು. ಕೋವಿ ಹಿಡಿದ ಕೈಗಳು ಪುಸ್ತಕ ಹಿಡಿಯಲಾರವೆಂಬ ಪಂಡಿತರ ಶಂಕೆಯನ್ನು ಆ ವಿದ್ಯಾರ್ಥಿಗಳು ತಮ್ಮ ಶ್ರದ್ಧೆಯಿಂದಲೇ ಅಳಿಸಿಹಾಕಿದರು.

1947ರ ಡಿಸೆಂಬರಿನಲ್ಲಿ, ಭಾರತವು ಸ್ವತಂತ್ರವಾದ ನಾಲ್ಕು ತಿಂಗಳಿಗೆ, ಅಧ್ಯಕ್ಷ ಟ್ರೂಮನ್ ಅವರು ನೇಮಿಸಿದ್ದ ಉಚ್ಚ ಶಿಕ್ಷಣ ಆಯೋಗದ ವರದಿ ಹೊರಬರತೊಡಗಿತು. ಜಾರ್ಜ್ ಝೂಕ್ ಅವರ ಅಧ್ಯಕ್ಷತೆಯ ಆ ಆಯೋಗವು ಅಂದಿನ ಅಮೆರಿಕಾದ ಸುಶಿಕ್ಷಿತರನ್ನು ಬೆರಗುಗೊಳಿಸುವ ಮಾತನ್ನು ಹೇಳಿತು. ದೇಶದ ಜನರಲ್ಲಿ ಕನಿಷ್ಠ ನೂರಕ್ಕೆ 49 ಮಂದಿಗೆ ಹದಿನಾಲ್ಕು ವರ್ಷಗಳ ಶಿಕ್ಷಣವನ್ನು ಪೂರೈಸುವ ಬುದ್ಧಿಶಕ್ತಿಯಿದೆ. ಅವರನ್ನು ತಡೆಯುತ್ತಿರುವುದು ಹಣ, ಜನಾಂಗ, ಮತ, ದೂರ ಮುಂತಾದ ಅಡ್ಡಗೋಡೆಗಳು ಎಂಬುದು ಅದರ ಸಾರ. ಆ ಗೋಡೆಗಳನ್ನು ಕೆಡವಲು ಮನೆಯ ಸಮೀಪದಲ್ಲಿ, ಶುಲ್ಕವಿಲ್ಲದೆ ಎರಡು ವರ್ಷಗಳ ಕಾಲೇಜು ದೊರೆಯಬೇಕೆಂದು ಅದು ಶಿಫಾರಸು ಮಾಡಿತು. ಇಂತಹ ಕಾಲೇಜನ್ನು ಕರೆಯಲು ಅದು ಬಳಸಿದ ಸಮುದಾಯ ಕಾಲೇಜು ಎಂಬ ಹೆಸರು ದೇಶದಲ್ಲೆಲ್ಲ ಬಳಕೆಗೆ ಬಂದಿತು. ಜೂನಿಯರ್ ಎಂಬ ಪದದಲ್ಲಿ ಕಿರಿದೆಂಬ ಭಾವವಿತ್ತು. ಸಮುದಾಯ ಎಂಬ ಪದದಲ್ಲಿ ಊರಿನ ಒಡೆತನದ ಭಾವ ಬಂದಿತು.

ಆಯೋಗವು ಜನಾಂಗದ ಗೋಡೆಯನ್ನು ಹೆಸರಿಸಿದ್ದಕ್ಕೆ ಕಾರಣವಿತ್ತು. ಬಾಗಿಲು ಎಲ್ಲರಿಗೂ ತೆರೆದಿದೆಯೆಂಬ ಮಾತು ಎಲ್ಲ ಕಡೆಯೂ ನಿಜವಾಗಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಮಕ್ಕಳಿಗೆ ಬೇರೆಯೇ ಶಾಲೆ, ಬೇರೆಯೇ ಕಾಲೇಜು. ಫ್ಲಾರಿಡಾ ಒಂದರಲ್ಲಿಯೇ 1949ರಿಂದ ಮೊದಲ್ಗೊಂಡು ಹನ್ನೆರಡು ಜೂನಿಯರ್ ಕಾಲೇಜುಗಳು ಕಪ್ಪು ವಿದ್ಯಾರ್ಥಿಗಳಿಗೆಂದೇ ತೆರೆದವು. 1960ರ ದಶಕದ ಮಧ್ಯದಲ್ಲಿ ಪ್ರತ್ಯೇಕತೆಯ ನೀತಿ ಕುಸಿದಾಗ ಅವು ಒಂದೊಂದಾಗಿ ಮುಚ್ಚಿ ಬಿಳಿಯರ ಕಾಲೇಜುಗಳಲ್ಲಿ ಲೀನವಾದವು. ಅನ್ಯಾಯದ ವ್ಯವಸ್ಥೆ ಹೋದದ್ದು ಸಂತೋಷದ ಸಂಗತಿಯೇ. ಆದರೆ ಅವಮಾನದ ದಿನಗಳಲ್ಲಿ ಆ ಮಕ್ಕಳಿಗೆ ವಿದ್ಯೆ ಕೊಟ್ಟ ಸಂಸ್ಥೆಗಳ ಹೆಸರೂ ಆ ಜೊತೆಯಲ್ಲಿಯೇ ಅಳಿಸಿಹೋದದ್ದು ಇತಿಹಾಸದ ಒಂದು ನೋವು.

ಅರವತ್ತರ ದಶಕ ಈ ಕಾಲೇಜುಗಳ ಸುಗ್ಗಿಯ ಕಾಲ. ಆ ಹತ್ತು ವರ್ಷಗಳಲ್ಲಿ 457 ಸಾರ್ವಜನಿಕ ಸಮುದಾಯ ಕಾಲೇಜುಗಳು ಹೊಸದಾಗಿ ತೆರೆದವು. ಅದಕ್ಕೆ ಮೊದಲು ಇದ್ದವುಗಳ ಒಟ್ಟು ಸಂಖ್ಯೆಗಿಂತ ಇದು ಅಧಿಕ. ಹೆಚ್ಚುಕಡಮೆ ವಾರಕ್ಕೊಂದು ಎಂಬ ಲೆಕ್ಕ. ಇಲಿನಾಯ್ ರಾಜ್ಯವು 1965ರಲ್ಲಿ ಸಾರ್ವಜನಿಕ ಜೂನಿಯರ್ ಕಾಲೇಜು ಶಾಸನವನ್ನು ಮಾಡಿ, ಪ್ರತಿ ಪ್ರದೇಶಕ್ಕೂ ಸ್ವತಂತ್ರ ಕಾಲೇಜು ಜಿಲ್ಲೆ ರಚನೆಯಾಗಲು ಅವಕಾಶ ಕಲ್ಪಿಸಿತು. 1967ರಲ್ಲಿ ಜೋಲಿಯೆಟ್ ಪ್ರದೇಶದ ಮತದಾರರು ಇದಕ್ಕೆ ಸಮ್ಮತಿಯಿತ್ತರು. ಅಲ್ಲಿಯವರೆಗೆ ಆರು ದಶಕಗಳಿಗೂ ಮೇಲ್ಪಟ್ಟು ಪ್ರೌಢಶಾಲೆಯ ಕಟ್ಟಡದಲ್ಲಿಯೇ ಬಾಳಿದ ಕಾಲೇಜು, ತಾಯಿಮನೆಯಿಂದ ಹೊರಟು ಊರಿನ ಪಶ್ಚಿಮದಂಚಿನ ಹೂಬೋಲ್ಟ್ ರಸ್ತೆಯಲ್ಲಿ ತನ್ನದೇ ವಿಶಾಲವಾದ ಆವರಣಕ್ಕೆ ಬಂದಿತು. ಮುಂದೆ ರಾಜ್ಯದ ಕಾನೂನಿನಲ್ಲಿ ಜೂನಿಯರ್ ಎಂಬ ಪದ ಹೋಗಿ ಸಮುದಾಯ ಎಂಬುದು ಬಂದರೂ, ಜೋಲಿಯೆಟ್ ಮಾತ್ರ ತನ್ನ ಹಳೆಯ ಹೆಸರನ್ನು ಬಿಡಲಿಲ್ಲ. ಹಿರಿಯಣ್ಣನಾದವನು ಕಿರಿಯನೆಂಬ ಹೆಸರನ್ನೇ ಅಭಿಮಾನದಿಂದ ಹೊತ್ತಂತಾಯಿತು.

ಇಂತಹ ಕಾಲೇಜಿನ ಆಡಳಿತದ ಬಗೆಯೂ ತಿಳಿಯತಕ್ಕದ್ದು. ಅದರ ಆಡಳಿತ ಮಂಡಳಿಗೆ ಆ ಪ್ರದೇಶದ ಮತದಾರರೇ ಏಳು ಮಂದಿ ಸದಸ್ಯರನ್ನು ಆರಿಸುತ್ತಾರೆ. ಅವರೊಂದಿಗೆ ವಿದ್ಯಾರ್ಥಿಗಳು ಆರಿಸಿದ ಒಬ್ಬ ಪ್ರತಿನಿಧಿಯೂ ಕುಳಿತುಕೊಳ್ಳುತ್ತಾನೆ. ಮನೆ, ಜಮೀನುಗಳ ಮೇಲಿನ ಸ್ಥಳೀಯ ತೆರಿಗೆ, ರಾಜ್ಯ ಸರ್ಕಾರದ ಅನುದಾನ, ವಿದ್ಯಾರ್ಥಿಗಳ ಶುಲ್ಕ, ಇವು ಮೂರೂ ಸರಿಸುಮಾರು ಸಮಪಾಲಿನಲ್ಲಿ ಕಾಲೇಜನ್ನು ಹೊರಬೇಕೆಂಬುದು ಇಲಿನಾಯ್‌ನ ಆದರ್ಶವಾಗಿತ್ತು. ಕಾಲಕ್ರಮದಲ್ಲಿ ರಾಜ್ಯದ ಪಾಲು ಕುಗ್ಗಿ ಊರಿನವರ ಮತ್ತು ವಿದ್ಯಾರ್ಥಿಗಳ ಹೆಗಲ ಮೇಲಿನ ಭಾರ ಹೆಚ್ಚಿತು. 1902ರ ಉಚಿತ ಶಿಕ್ಷಣ ಈಗ ಉಳಿದಿಲ್ಲ. ಆದರೂ ದೇಶದ ಸರಾಸರಿ ನೋಡಿದರೆ, 2023-24ರಲ್ಲಿ ಸಮುದಾಯ ಕಾಲೇಜಿನ ವಾರ್ಷಿಕ ಬೋಧನಾ ಶುಲ್ಕ ಸುಮಾರು 4,000 ಡಾಲರುಗಳಾಗಿದ್ದರೆ, ನಾಲ್ಕು ವರ್ಷಗಳ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಅದು 11,000 ಡಾಲರುಗಳನ್ನು ಮೀರಿತ್ತು.

ಊರಿಗೆ ಕಷ್ಟ ಬಂದಾಗ ಊರಿನ ಕಾಲೇಜಿನ ಬೆಲೆ ತಿಳಿಯುತ್ತದೆ. ಜೋಲಿಯೆಟ್‌ನ ಉಕ್ಕಿನ ಉದ್ಯಮ ಕ್ರಮೇಣ ಕ್ಷೀಣಿಸಿ, 1983ರ ಹೊತ್ತಿಗೆ ಅಲ್ಲಿ ದುಡಿಯುವ ವಯಸ್ಸಿನ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಅಮೆರಿಕಾದ ಇಂತಹ ಅನೇಕ ಕೈಗಾರಿಕಾ ಪಟ್ಟಣಗಳಲ್ಲಿ ನಲವತ್ತು ದಾಟಿದ ಗೃಹಸ್ಥರು ಮಗನ ವಯಸ್ಸಿನವರ ಪಕ್ಕದಲ್ಲಿ ಕುಳಿತು ಹೊಸ ವಿದ್ಯೆ ಕಲಿಯಬೇಕಾಗಿ ಬಂದಿತು. ಇಪ್ಪತ್ತು ವರ್ಷ ಒಂದೇ ಯಂತ್ರದ ಮುಂದೆ ನಿಂತವನು ಪೆನ್ಸಿಲು ಹಿಡಿದು ಮತ್ತೆ ಭಿನ್ನರಾಶಿಯಿಂದ ಆರಂಭಿಸುವುದು ಸಣ್ಣ ಧೈರ್ಯವಲ್ಲ. ಅಂಥವನನ್ನು ಪ್ರವೇಶ ಪರೀಕ್ಷೆಯ ಜರಡಿಯಲ್ಲಿ ಸೋಸದೆ ಒಳಗೆ ಕರೆಯುವ ಸಂಸ್ಥೆ ಬೇರೊಂದಿರಲಿಲ್ಲ. ನರ್ಸಿಂಗ್, ವೆಲ್ಡಿಂಗ್, ಮೋಟಾರು ದುರಸ್ತಿ, ಅಡುಗೆಯ ಕಲೆ, ಬೇಸಾಯ, ಇಂಗ್ಲಿಷ್ ಬಾರದ ವಲಸಿಗರಿಗೆ ಇಂಗ್ಲಿಷ್, ಪ್ರೌಢಶಾಲೆಯನ್ನೇ ಮುಗಿಸದವರಿಗೆ ಅದರ ಸಮಾನ ಪರೀಕ್ಷೆಯ ತಯಾರಿ, ಇವೆಲ್ಲ ಸಾಹಿತ್ಯ, ಗಣಿತಗಳ ಮಗ್ಗುಲಲ್ಲಿಯೇ ಸ್ಥಾನ ಪಡೆದವು. ಹಗಲು ದುಡಿಯುವವರಿಗಾಗಿ ಸಂಜೆಯ ತರಗತಿಗಳು ನಡೆದವು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅದು ಹೊಗಳಿಕೆಯಾದೀತು, ಇತಿಹಾಸವಾಗಲಾರದು. ಈ ಕಾಲೇಜುಗಳ ಮೇಲೆ ಗಂಭೀರವಾದ ಆಕ್ಷೇಪವೊಂದು ಬಹುಕಾಲದಿಂದ ಇದೆ. ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ ಅವರು 1960ರಲ್ಲಿ ಕ್ಯಾಲಿಫೋರ್ನಿಯಾದ ಇಂತಹ ಕಾಲೇಜೊಂದನ್ನು ಅಧ್ಯಯನ ಮಾಡಿ ಬರೆದದ್ದರ ತಾತ್ಪರ್ಯ ಇದು: ಬಾಗಿಲೇನೋ ತೆರೆದಿದೆ, ಆದರೆ ಒಳಗೆ ಬಂದ ವಿದ್ಯಾರ್ಥಿಯ ದೊಡ್ಡ ಆಸೆಯನ್ನು ಮೆಲ್ಲಮೆಲ್ಲನೆ ತಣ್ಣಗಾಗಿಸಿ, ಸಣ್ಣ ಗುರಿಗೆ ಒಪ್ಪಿಸಿ ಕಳುಹಿಸುವ ಕೆಲಸವೂ ಅಲ್ಲಿ ನಡೆಯುತ್ತದೆ. 1989ರಲ್ಲಿ ಸ್ಟೀವನ್ ಬ್ರಿಂಟ್ ಮತ್ತು ಜೆರೋಮ್ ಕ್ಯಾರಬೆಲ್ ಅವರು ತಮ್ಮ ಗ್ರಂಥದಲ್ಲಿ ಇದೇ ಸಂಶಯವನ್ನು ವಿಸ್ತರಿಸಿದರು. ಅಂಕಿ-ಅಂಶಗಳು ಈ ಮಾತನ್ನು ಸುಲಭವಾಗಿ ತಳ್ಳಿಹಾಕಲು ಬಿಡುವುದಿಲ್ಲ. ಇತ್ತೀಚಿನ ರಾಷ್ಟ್ರೀಯ ಲೆಕ್ಕದ ಪ್ರಕಾರ, ಸಮುದಾಯ ಕಾಲೇಜನ್ನು ಸೇರುವವರಲ್ಲಿ ಬಹುಪಾಲು ಮಂದಿ ಮುಂದೆ ಪೂರ್ಣ ಪದವಿಯನ್ನು ಬಯಸಿದರೂ, ನಾಲ್ಕು ವರ್ಷಗಳ ಸಂಸ್ಥೆಗೆ ದಾಟುವವರು ಸುಮಾರು ಮೂರನೆಯ ಒಂದು ಭಾಗ; ಆರು ವರ್ಷಗಳೊಳಗೆ ಸ್ನಾತಕ ಪದವಿಯನ್ನು ಕೈಗೆ ಪಡೆಯುವವರು ನೂರಕ್ಕೆ ಸುಮಾರು 16 ಮಂದಿ ಮಾತ್ರ.

ಇದಕ್ಕೆ ವಿದ್ಯಾರ್ಥಿಯ ಸೋಮಾರಿತನವೇ ಕಾರಣವೆನ್ನುವುದು ಅನ್ಯಾಯ. ಅವರಲ್ಲಿ ಅನೇಕರು ದುಡಿಮೆಯ ನಡುವೆ ಓದುವವರು. ಕೆಲವರು ಮಕ್ಕಳ ತಾಯಂದಿರು. ಬಹಳಷ್ಟು ಮಂದಿ ತಮ್ಮ ವಂಶದಲ್ಲಿಯೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಅವರ ಮನೆಯಲ್ಲಿ ದಾರಿ ಹೇಳುವ ಹಿರಿಯರಿಲ್ಲ. ಎರಡು ವರ್ಷ ಕಷ್ಟಪಟ್ಟು ಓದಿದ ಪಾಠಗಳನ್ನು ಮುಂದಿನ ವಿಶ್ವವಿದ್ಯಾನಿಲಯ ಒಪ್ಪದಿದ್ದರೆ ಅದೇ ಪಾಠವನ್ನು ಮತ್ತೆ ಹಣ ಕೊಟ್ಟು ಓದಬೇಕಾಗುತ್ತದೆ. ಅಲ್ಲಿಗೆ ಉತ್ಸಾಹ ಉಡುಗುತ್ತದೆ. ಇದನ್ನು ಮನಗಂಡೇ ಇಲಿನಾಯ್ ರಾಜ್ಯದ ವಿದ್ಯಾಸಂಸ್ಥೆಗಳು 1993ರಲ್ಲಿ ಒಂದು ಒಡಂಬಡಿಕೆಯ ಕಾರ್ಯವನ್ನು ಕೈಗೊಂಡು, 1998ರಿಂದ ಅದನ್ನು ಆಚರಣೆಗೆ ತಂದವು. ಅದರಂತೆ ಒಂದು ಕಾಲೇಜಿನಲ್ಲಿ ಮುಗಿಸಿದ ಸಾಮಾನ್ಯ ಶಿಕ್ಷಣದ ಪಾಠಗಳ ಒಂದು ಕಟ್ಟನ್ನು ಒಡಂಬಡಿಕೆಗೆ ಸೇರಿದ ಇತರ ಸಂಸ್ಥೆಗಳೂ ಮಾನ್ಯಮಾಡಬೇಕು. ಬ್ರೌನ್ ಅವರು ತಮ್ಮ ವಿದ್ಯಾರ್ಥಿಗಳಿಗಾಗಿ ಬಯಸಿದ್ದು ಇದನ್ನೇ. ಒಬ್ಬ ಮುಖ್ಯಾಧ್ಯಾಪಕನ ಸ್ನೇಹಬಲದಿಂದ ಸಾಗಿದ ಕೆಲಸ ರಾಜ್ಯದ ನಿಯಮವಾಗಲು ತೊಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ಇಂದು ಅಮೆರಿಕಾದಲ್ಲಿ ಸುಮಾರು ಒಂದು ಸಾವಿರ ಸಮುದಾಯ ಕಾಲೇಜುಗಳಿವೆ. ಆ ದೇಶದಲ್ಲಿ ಸ್ನಾತಕ ಮಟ್ಟದಲ್ಲಿ ಓದುವವರ ಮೂರನೆಯ ಒಂದು ಭಾಗಕ್ಕೂ ಮಿಕ್ಕಿದವರು ಅಲ್ಲಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಹಿಳೆಯರು. 2020ರ ಸಾಂಕ್ರಾಮಿಕ ರೋಗದ ಕಾಲದಲ್ಲಿ ಬೇರೆಲ್ಲ ಬಗೆಯ ಕಾಲೇಜುಗಳಿಗಿಂತ ಹೆಚ್ಚಾಗಿ ಇವೇ ವಿದ್ಯಾರ್ಥಿಗಳನ್ನು ಕಳೆದುಕೊಂಡವು. ಮನೆಯಲ್ಲಿ ಕಷ್ಟ ಬಂದಾಗ ಮೊದಲು ನಿಲ್ಲುವುದು ಬಡವರ ಓದು ಎಂಬ ಹಳೆಯ ಸತ್ಯ ಅಲ್ಲಿ ಮತ್ತೊಮ್ಮೆ ಕಂಡಿತು. ಟೆನೆಸ್ಸಿ ರಾಜ್ಯವು 2014ರಲ್ಲಿ ಶಾಸನ ಮಾಡಿ, ಪ್ರೌಢಶಾಲೆ ಮುಗಿಸಿದವರಿಗೆ ಎರಡು ವರ್ಷದ ಕಾಲೇಜಿನ ಬೋಧನಾ ಶುಲ್ಕವಿಲ್ಲದಂತೆ ಏರ್ಪಾಡು ಮಾಡಿತು. ಬೇರೆ ಕೆಲವು ರಾಜ್ಯಗಳೂ ಅದೇ ದಾರಿ ಹಿಡಿದವು. ಜೋಲಿಯೆಟ್‌ನ ಮಂಡಳಿ 1902ರಲ್ಲಿ ತೆಗೆದುಕೊಂಡಿದ್ದ ನಿರ್ಣಯವು ಹೀಗೆ ಶತಮಾನದ ನಂತರ ಹೊಸತೆಂಬಂತೆ ಮರಳಿ ಬಂದಿತು.

ಈ ಕಲ್ಪನೆಯ ಅಲೆ ಭಾರತದ ತೀರವನ್ನೂ ಮುಟ್ಟಿದೆ. 1996ರಲ್ಲಿ ಮದ್ರಾಸ್ ಸಮುದಾಯ ಕಾಲೇಜು ಪ್ರಾರಂಭವಾಯಿತು. 2013ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಸಮುದಾಯ ಕಾಲೇಜುಗಳಿಗಾಗಿಯೇ ಯೋಜನೆಯನ್ನು ರೂಪಿಸಿತು. ಇಲ್ಲಿ ಅವು ಹೆಚ್ಚಾಗಿ ಕಸುಬಿನ ತರಬೇತಿಯ ಕೇಂದ್ರಗಳಾಗಿ ಬೆಳೆದವು. ಕಸುಬು ಕಲಿಸುವುದು ಶ್ರೇಷ್ಠವಾದ ಕೆಲಸವೇ. ಆದರೆ ಕಸುಬು ಕಲಿತ ಹುಡುಗನಿಗೆ ನಾಳೆ ಪದವಿ ಓದುವ ಆಸೆ ಹುಟ್ಟಿದರೆ ಅವನ ಮುಂದೆ ಮೆಟ್ಟಿಲು ಇರಬೇಕು ಎಂಬ ಪಾಠವನ್ನು ಜೋಲಿಯೆಟ್‌ನ ಇತಿಹಾಸದಿಂದ ಕಲಿಯಬೇಕಾಗಿದೆ.

ಸಂಸ್ಥೆಯೊಂದನ್ನು ಕಟ್ಟುವವರ ಉದ್ದೇಶ ಒಂದಿರಬಹುದು, ಅದನ್ನು ಬಳಸುವ ಜನರ ಅಗತ್ಯ ಇನ್ನೊಂದಿರಬಹುದು. ವಿದ್ವಾಂಸರೊಬ್ಬರು ವಿಶ್ವವಿದ್ಯಾನಿಲಯದ ಹೊರೆ ಇಳಿಸಲು ಯೋಚಿಸಿದ ಏರ್ಪಾಡನ್ನು ಕಲ್ಲು ಒಡೆಯುವವರ, ಉಕ್ಕು ಕರಗಿಸುವವರ ಊರು ತನ್ನ ಮಕ್ಕಳ ಏಳಿಗೆಗೆ ಒಗ್ಗಿಸಿಕೊಂಡಿತು. ತೆರಿಗೆ ಕೊಟ್ಟವರಲ್ಲಿ ಬಹುಮಂದಿ ತಾವು ಕಾಲೇಜಿನ ಮುಖ ಕಂಡವರಲ್ಲ. ಬೇರೆಯವರ ಮಕ್ಕಳು ಓದಲೆಂದು ಅವರು ಕೊಟ್ಟರು. ಮೊದಲ ವರ್ಷ ಬಂದವರು ಆರೇ ಮಂದಿಯೆಂದು ಮಂಡಳಿಯು ಬೇಸತ್ತು ತರಗತಿಯನ್ನು ಮುಚ್ಚಿದ್ದರೆ ಯಾರೂ ಅದನ್ನು ದೂರುತ್ತಿರಲಿಲ್ಲ. ಮುಚ್ಚದೆ ಉಳಿಸಿಕೊಂಡ ಆ ತಾಳ್ಮೆಯ ಫಲವನ್ನು ಅವರ ಮೊಮ್ಮಕ್ಕಳ ಕಾಲದ ಲಕ್ಷಾಂತರ ಮಂದಿ ಉಂಡರು. ಊರೂರಿನಲ್ಲಿ ವಿದ್ಯಾಲಯಗಳನ್ನು ನಡೆಸುವ ಹಿರಿಯರು ತಮ್ಮ ಹಾಜರಿ ಪುಸ್ತಕದಲ್ಲಿ ಹೆಸರುಗಳು ಕಡಮೆಯಾದ ವರ್ಷದಲ್ಲಿ ಇದನ್ನು ನೆನೆಯುವುದು ಒಳ್ಳೆಯದು. ಹೆಸರುಗಳು ಹೆಚ್ಚಾದ ವರ್ಷದಲ್ಲಿ, ಕಳೆದ ಸಾಲಿನಲ್ಲಿ ಹೊರಹೋದವರು ಈಗ ಎಲ್ಲಿದ್ದಾರೆಂದು ಒಮ್ಮೆ ವಿಚಾರಿಸುವುದು ಇನ್ನೂ ಒಳ್ಳೆಯದು.